ಬಲಾಂಗಿಗಾದ ಗಂಟೆಗಳು ಮತ್ತು ಊರಿನ ಯಜಮಾನಿಕೆ



ಫಿಲಿಪೀನ್ಸ್ ದ್ವೀಪಸಮೂಹದ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿ. ಮೇಲ್ಗಡೆ ಲುಜಾನ್, ಕೆಳಗಡೆ ಮಿಂಡನಾವೊ. ಇವೆರಡರ ನಡುವೆ, ಪೂರ್ವದ ಅಂಚಿನಲ್ಲಿ, ಶಾಂತಸಾಗರದ ಬಿರುಗಾಳಿಗಳಿಗೆ ಎದೆಗೊಟ್ಟು ನಿಂತಿರುವ ದ್ವೀಪವೇ ಸಮಾರ್. ವಿಸ್ತೀರ್ಣದಲ್ಲಿ ಅದು ಆ ದೇಶದ ಮೂರನೆಯ ದೊಡ್ಡ ದ್ವೀಪ. ಅದರ ದಕ್ಷಿಣ ದಡದಲ್ಲಿ, ಒಂದು ನದಿ ಕಡಲನ್ನು ಸೇರುವ ಅಳಿವೆಯ ಬಳಿ, ಬಲಾಂಗಿಗಾ ಎಂಬ ಪಟ್ಟಣವಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 14 ಸಾವಿರ ಮಂದಿ. ಮನೆಮಾತು ವಾರಾಯ್. ಮೀನು, ತೆಂಗು, ಒಂದಿಷ್ಟು ಬೇಸಾಯ. ಸಂತ ಲಾರೆನ್ಸನ ಹೆಸರಿನ ಒಂದು ಚರ್ಚು, ಅದರ ಮುಂದೆ ಬಯಲು. ಇಷ್ಟು ಸಣ್ಣ ಊರಿನ ಮೂರು ಗಂಟೆಗಳಿಗಾಗಿ ಎರಡು ದೇಶಗಳ ರಾಷ್ಟ್ರಾಧ್ಯಕ್ಷರು ಮಾತುಕತೆ ನಡೆಸಬೇಕಾಯಿತು.

ಗಂಟೆಗಳ ಕಥೆಗೆ ಮೊದಲು ಊರಿನ ಯಜಮಾನಿಕೆಯ ಕಥೆ ತಿಳಿದಿರಬೇಕು. ಅದಿಲ್ಲದಿದ್ದರೆ 1901ರಲ್ಲಿ ಬಲಾಂಗಿಗಾದ ಮುಖಂಡರು ಮಾಡಿದ್ದು ಬರೀ ರಕ್ತಪಾತವಾಗಿ ಕಾಣುತ್ತದೆ, ಇಲ್ಲವೇ ಬರೀ ವೀರಗಾಥೆಯಾಗಿ.

ಫಿಲಿಪೀನ್ಸಿನಲ್ಲಿ ಆಡಳಿತದ ಅತಿ ಚಿಕ್ಕ ಘಟಕದ ಹೆಸರು ಬರಾಂಗೈ. ಈ ಪದದ ಮೂಲ ಬಲಾಂಗೈ, ಹಾಗೆಂದರೆ ದೋಣಿ. ಒಂದು ದೋಣಿಯಲ್ಲಿ ಬಂದಿಳಿದ ಬಂಧುಬಳಗವೇ ಒಂದು ಊರು, ದೋಣಿಯ ಒಡೆಯನೇ ಊರಿನ ಒಡೆಯ ಎಂಬ ಕಲ್ಪನೆ ಇದರ ಹಿಂದಿದೆ. 1521ರ ಮಾರ್ಚ್‌ನಲ್ಲಿ ಮೆಗಲನ್ ಬಂದು ಇಳಿದ ಹೊಮೊನ್ಹೊನ್ ದ್ವೀಪ ಇದೇ ಕಡಲಿನಲ್ಲಿದೆ. ಆಮೇಲೆ ಸ್ಪೇನ್ ಆ ನಾಡನ್ನು ವಶಪಡಿಸಿಕೊಂಡಿತು. ಆದರೆ ಅದು ಹಳೆಯ ಒಡೆಯರನ್ನು ಓಡಿಸಲಿಲ್ಲ. ಅವರನ್ನೇ ತೆರಿಗೆ ಎತ್ತುವವರನ್ನಾಗಿ ಮಾಡಿಕೊಂಡಿತು. ಬರಾಂಗೈನ ಮುಖ್ಯಸ್ಥ ಕಾಬೆಸಾ ಎನಿಸಿಕೊಂಡ. ತನ್ನ ಪಾಲಿಗೆ ಬಂದ ಮನೆಗಳಿಂದ ಕಂದಾಯ ವಸೂಲು ಮಾಡುವುದು ಅವನ ಹೊಣೆ. ವಸೂಲಿ ಕಡಿಮೆಯಾದರೆ ಕೈಯಿಂದ ತುಂಬಬೇಕು! ಇಂಥ ಕಾಬೆಸಾಗಳ ಮೇಲೆ, ಇಡೀ ಪಟ್ಟಣಕ್ಕೆ ಒಬ್ಬ ಗೊಬೆರ್ನಾದೊರ್‌ಸಿಯೊ. ಈ ಪದಕ್ಕೆ 'ಪುಟ್ಟ ಗವರ್ನರ್' ಎಂದೇ ಅರ್ಥ. 1847ರ ಆದೇಶದ ಪ್ರಕಾರ ಅವನನ್ನು ಆರಿಸುತ್ತಿದ್ದವರು 13 ಜನ: ಇಳಿಯುತ್ತಿರುವ ಪುಟ್ಟ ಗವರ್ನರ್ ಒಬ್ಬ, ಊರಿನ ಪ್ರಮುಖ ಮನೆತನಗಳಿಂದ ಚೀಟಿ ಎತ್ತಿ ಆರಿಸಿದ 12 ಮಂದಿ. ಪಕ್ಕದಲ್ಲಿ ಪಾದ್ರಿ ಕುಳಿತಿರುತ್ತಿದ್ದ. ಕೊನೆಯ ಒಪ್ಪಿಗೆ ಸ್ಪೇನಿನ ಅಧಿಕಾರಿಯದು.

ಅಂದರೆ ಈ ಹುದ್ದೆಗೆ ಮೊದಲಿನಿಂದಲೂ ಎರಡು ಮುಖ. ಮೇಲಿನ ಸರ್ಕಾರಕ್ಕೆ ಅವನು ಊರಿನ ಪರವಾಗಿ ಉತ್ತರ ಕೊಡಬೇಕು. ಊರಿಗೆ ಸರ್ಕಾರದ ಪರವಾಗಿ. ಕಾಲ ಶಾಂತವಾಗಿದ್ದರೆ ಇದು ಗೌರವದ ಸ್ಥಾನ. ಕಾಲ ಕೆಟ್ಟರೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆ.

ಕಾಲ ಕೆಟ್ಟದ್ದು 1898ರ ನಂತರ. ಸ್ಪೇನಿನ ವಿರುದ್ಧ ದಂಗೆಯೆದ್ದ ಫಿಲಿಪಿನೋಗಳು ಆ ವರ್ಷದ ಜೂನ್ 12ರಂದು ಎಮಿಲಿಯೊ ಅಗ್ವಿನಾಲ್ಡೊ ನಾಯಕತ್ವದಲ್ಲಿ ಸ್ವಾತಂತ್ರ್ಯ ಸಾರಿದರು. ಒಂದು ವಾರದೊಳಗೆ ಅಗ್ವಿನಾಲ್ಡೊ ಹೊರಡಿಸಿದ ಆದೇಶ ಪಟ್ಟಣಗಳಿಗೆ ಹೊಸ ವ್ಯವಸ್ಥೆಯನ್ನು ಕೊಟ್ಟಿತು: ಊರ ಗಣ್ಯರು ಸೇರಿ ಒಬ್ಬ ಪ್ರೆಸಿಡೆಂಟೆಯನ್ನು ಆರಿಸಬೇಕು, ಜೊತೆಗೆ ಪೊಲೀಸು, ನ್ಯಾಯ, ತೆರಿಗೆಗಳಿಗೆ ಒಬ್ಬೊಬ್ಬ ಪ್ರತಿನಿಧಿ. ಆದರೆ ಅದೇ ಡಿಸೆಂಬರಿನಲ್ಲಿ ಪ್ಯಾರಿಸ್ ಒಪ್ಪಂದದ ಮೂಲಕ ಸ್ಪೇನ್ 2 ಕೋಟಿ ಡಾಲರಿಗೆ ದೇಶವನ್ನೇ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. 1899ರ ಫೆಬ್ರವರಿಯಲ್ಲಿ ಫಿಲಿಪಿನೋಗಳಿಗೂ ಅಮೆರಿಕನ್ನರಿಗೂ ಯುದ್ಧ ಶುರುವಾಯಿತು.

ಸಮಾರ್‌ಗೆ ಅಗ್ವಿನಾಲ್ಡೊ ಕಳುಹಿಸಿದ್ದ ಸೇನಾನಿ ವಿಸೆಂಟೆ ಲುಕ್ಬಾನ್. ಅಮೆರಿಕನ್ ಪಡೆ ಕರಾವಳಿಯ ಊರುಗಳನ್ನು ಹಿಡಿದಾಗ ಅವನು ದ್ವೀಪದ ಒಳಗಿನ ಬೆಟ್ಟಕಾಡುಗಳಿಗೆ ಸರಿದು ಗೆರಿಲ್ಲಾ ಹೋರಾಟ ನಡೆಸಿದ. ಅವನ ಖಜಾನೆಗೆ ಹಣ ಬರುತ್ತಿದ್ದದ್ದು ಅಬಾಕಾದಿಂದ. ಅಬಾಕಾ ನಮ್ಮ ಬಾಳೆಯ ಕುಲಕ್ಕೇ ಸೇರಿದ ಗಿಡ. ಅದರ ದಿಂಡಿನ ನಾರಿನಿಂದ ಹಡಗಿನ ಹಗ್ಗ ಹೊಸೆಯುತ್ತಾರೆ. ಉಪ್ಪುನೀರಿಗೆ ಬೇಗ ಕೊಳೆಯದ ನಾರು ಅದು. ಅಬಾಕಾ ಹೊರಗೆ ಹೋಗಬಾರದು, ಅಕ್ಕಿ ಒಳಗೆ ಬರಬಾರದು ಎಂದು ಅಮೆರಿಕನ್ನರು ಬಂದರುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರು. 1901ರ ಆಗಸ್ಟ್ 11ರಂದು ಅವರ 9ನೇ ಪದಾತಿ ದಳದ 'ಸಿ' ಕಂಪನಿ ಬಲಾಂಗಿಗಾಕ್ಕೆ ಬಂದಿಳಿದದ್ದು ಈ ಕೆಲಸಕ್ಕಾಗಿಯೇ. ಒಟ್ಟು 74 ಜನ. ಹಿಂದಿನ ವರ್ಷವಷ್ಟೇ ಅವರ ದಳ ಚೀನಾದಲ್ಲಿ ಬಾಕ್ಸರ್ ದಂಗೆಯ ವಿರುದ್ಧ ಕಾದಾಡಿತ್ತು. ನಾಯಕ ಕ್ಯಾಪ್ಟನ್ ಥಾಮಸ್ ಕಾನೆಲ್.

ಆಗ ಬಲಾಂಗಿಗಾದ ಪ್ರೆಸಿಡೆಂಟೆ ಪೆದ್ರೊ ಅಬಯಾನ್. ಪೊಲೀಸ್ ಮುಖ್ಯಸ್ಥ ವಲೇರಿಯಾನೊ ಅಬನದೊರ್. ಇವರಿಬ್ಬರ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಕಡಲ ಕಡೆ ಅಮೆರಿಕನ್ನರು, ಬೆಟ್ಟದ ಕಡೆ ಲುಕ್ಬಾನ್. ಅಮೆರಿಕನ್ನರಿಗೆ ಸಹಕರಿಸಿದರೆ ಗೆರಿಲ್ಲಾಗಳ ಕಣ್ಣಿನಲ್ಲಿ ದ್ರೋಹಿ. ಗೆರಿಲ್ಲಾಗಳಿಗೆ ಅಕ್ಕಿ ಕೊಟ್ಟರೆ ಅಮೆರಿಕನ್ನರ ಕಣ್ಣಿನಲ್ಲಿ ದಂಗೆಕೋರ. ಅತ್ತ ದರಿ ಇತ್ತ ಪುಲಿ ಎಂಬ ಮಾತು ಅಲಂಕಾರವಲ್ಲ, ಅಂದಿನ ಎಷ್ಟೋ ಪ್ರೆಸಿಡೆಂಟೆಗಳ ದಿನಚರಿ. ಪನಾಯ್ ದ್ವೀಪದ ಇಗ್ಬರಾಸ್ ಪಟ್ಟಣದ ಪ್ರೆಸಿಡೆಂಟೆಯನ್ನು 1900ರ ನವೆಂಬರಿನಲ್ಲಿ ಅಮೆರಿಕನ್ ಸೈನಿಕರು ಕೆಡವಿ, ಬಾಯಿಗೆ ಬಲವಂತವಾಗಿ ನೀರು ಸುರಿದು ಹೊಟ್ಟೆ ಉಬ್ಬಿಸಿ, ಗೆರಿಲ್ಲಾಗಳ ಸುದ್ದಿ ಕಕ್ಕಿಸಿದರು. ಮಾಡಿಸಿದ ಅಧಿಕಾರಿಗೆ ಮುಂದೆ ಸೇನಾ ನ್ಯಾಯಾಲಯ ವಿಧಿಸಿದ ಶಿಕ್ಷೆ ಒಂದು ತಿಂಗಳ ಅಮಾನತು, 50 ಡಾಲರ್ ದಂಡ!

ಅಬಯಾನ್ ತನ್ನ ದಾರಿಯನ್ನು ಮೊದಲೇ ಆರಿಸಿಕೊಂಡಿದ್ದನೆಂದು ತೋರುತ್ತದೆ. 1901ರ ಮೇ 30ರ ತಾರೀಖಿನ, ಅವನು ಲುಕ್ಬಾನನಿಗೆ ಬರೆದ ಒಂದು ಪತ್ರ ಮುಂದೆ ಅಮೆರಿಕನ್ನರ ಕೈಸೇರಿತು. ಶತ್ರು ಬಂದರೆ ಊರಿನವರು ಸ್ನೇಹದ ನಟನೆ ಮಾಡುತ್ತಾರೆ, ಅನುಕೂಲ ಸಮಯ ಬಂದಾಗ ಏಳುತ್ತಾರೆ ಎಂಬುದು ಅದರ ಸಾರಾಂಶ. ಈ ಪತ್ರವನ್ನು ಓದಿದವರು ಎಲ್ಲವೂ ಮೊದಲೇ ಹೂಡಿದ ಸಂಚು ಎಂದು ತೀರ್ಮಾನಿಸುವುದುಂಟು. ನನಗೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಆಗಸ್ಟಿನ ಮೊದಲ ವಾರಗಳಲ್ಲಿ ಊರಿನವರೂ ಸೈನಿಕರೂ ಹೊಂದಿಕೊಂಡೇ ಇದ್ದರು. ಒಟ್ಟಿಗೆ ತೆಂಗಿನ ಕಳ್ಳು ಕುಡಿದರು, ಆಟ ಆಡಿದರು. ಅಬನದೊರ್ ಬೆತ್ತದ ವರಸೆಯಲ್ಲಿ ನಿಪುಣ. ಸೈನಿಕರ ಜೊತೆ ಸಲಿಗೆಯಿಂದ ಓಡಾಡುತ್ತಿದ್ದ. ನಟನೆಯೋ ನಿಜವೋ, ಸೆಪ್ಟೆಂಬರ್ ಮಧ್ಯದವರೆಗೆ ಅದು ನಡೆಯಿತು.

ಕೆಡಿಸಿದ್ದು ಒಂದು ಶುಚಿತ್ವದ ಆಜ್ಞೆ. ಸೇನೆಯ ಮೇಲಧಿಕಾರಿ ತಪಾಸಣೆಗೆ ಬರುವವನಿದ್ದ. ಊರು ಚೊಕ್ಕಟವಾಗಿರಬೇಕು ಎಂದು ಕಾನೆಲ್ ಹೇಳಿದ. ಮನೆಗಳ ಸುತ್ತಲಿನ ಗಿಡಗಂಟಿ ಕಡಿಯಿರಿ. ಆರೋಗ್ಯದ ದೃಷ್ಟಿಯಿಂದ ಒಳ್ಳೆಯ ಆಜ್ಞೆ ಎಂದು ನಿಮಗೆ ಅನ್ನಿಸಬಹುದು. ಆದರೆ ಆ ಗಿಡಗಂಟಿಯಲ್ಲಿ ಊರಿನ ಊಟವಿತ್ತು. ಮನೆಯ ಬೆನ್ನಿಗೆ ಬೆಳೆದ, ತಿನ್ನುವಂಥ ಗಿಡಗಳವು. ಅಕ್ಕಿಯ ದಾರಿ ಮುಚ್ಚಿರುವಾಗ ಅದೂ ಹೋಗಬೇಕೇ? ಇತ್ತ ಆಹಾರ ಹಾಳಾಗಕೂಡದು ಎಂಬುದು ಲುಕ್ಬಾನನ ಕಟ್ಟಪ್ಪಣೆ. ಆಜ್ಞೆ ಪಾಲಿಸಿದ ಊರ ಮುಖಂಡರನ್ನು ದಂಡಿಸಲು ಬೆಟ್ಟದಿಂದ ಗೆರಿಲ್ಲಾ ತುಕಡಿಯೊಂದು ಊರಿನ ಹತ್ತಿರಕ್ಕೆ ಇಳಿದಿತ್ತು ಎಂದು ಈ ಘಟನೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದ ಲೇಯ್ಟೆಯ ಇತಿಹಾಸಕಾರ ರೊಲಾಂಡೊ ಬೊರಿನಾಗಾ ಬರೆಯುತ್ತಾರೆ.

ಆಮೇಲೆ ಒಂದು ಸಂಜೆ ಕುಡಿದ ಇಬ್ಬರು ಸೈನಿಕರು ಕಳ್ಳಿನಂಗಡಿಯ ಹುಡುಗಿಯ ಮೈಮೇಲೆ ಕೈಹಾಕಿದರು. ಅವಳ ಅಣ್ಣತಮ್ಮಂದಿರು ಬಂದು ಚೆನ್ನಾಗಿ ತದಕಿದರು. ಕಾನೆಲ್ ಮಾಡಿದ್ದೇನು? ಊರಿನ ಗಂಡಸರನ್ನು ಒಟ್ಟುಗೂಡಿಸಿದ. ಹದಿನಾರು ಹದಿನಾರು ಜನ ಮಲಗುವ ಎರಡು ಗುಡಾರಗಳಲ್ಲಿ 70ಕ್ಕೂ ಹೆಚ್ಚು ಮಂದಿಯನ್ನು ತುಂಬಿದ. ಹಗಲು ಬಿಟ್ಟಿ ದುಡಿಮೆ, ರಾತ್ರಿ ಮಳೆಯಲ್ಲಿ ಗುಡಾರ. ಮನೆಗಳಲ್ಲಿದ್ದ ಅಕ್ಕಿಯನ್ನೂ ಮಚ್ಚುಗಳನ್ನೂ ವಶಪಡಿಸಿಕೊಂಡರು. ಇಲ್ಲಿಗೆ ಅಬಯಾನನ ಎದುರಿದ್ದ ಎರಡು ದಾರಿಗಳಲ್ಲಿ ಒಂದು ಮುಚ್ಚಿಹೋಯಿತು.

ಉಪಾಯ ಹೂಡಿದವರು ಅಬಯಾನ್, ಅಬನದೊರ್ ಮತ್ತು ಲುಕ್ಬಾನನ ಸೇನಾಧಿಕಾರಿ ಯೂಜೀನಿಯೊ ದಾಜಾ. ಶುಚಿಗೊಳಿಸುವ ಕೆಲಸ ಬೇಗ ಮುಗಿಯಬೇಕಾದರೆ ಸುತ್ತಲ ಹಳ್ಳಿಗಳಿಂದ ಇನ್ನಷ್ಟು ಆಳುಗಳನ್ನು ತರುತ್ತೇನೆ ಎಂದು ಅಬನದೊರ್ ಕಾನೆಲ್‌ನನ್ನು ಒಪ್ಪಿಸಿದ. ಬಂದವರು ಆಳುಗಳಲ್ಲ. ಹೆಂಗಸರನ್ನೂ ಮಕ್ಕಳನ್ನೂ ಸದ್ದಿಲ್ಲದೆ ಊರಿನಿಂದ ಸಾಗಿಸಿದರು. ಹೆಂಗಸರ ವೇಷ ತೊಟ್ಟ ಗಂಡಸರು ಹಿಂದಿನ ರಾತ್ರಿ ಚಿಕ್ಕ ಶವಪೆಟ್ಟಿಗೆಗಳನ್ನು ಹೊತ್ತು ಚರ್ಚಿಗೆ ಬಂದರು, ಅವುಗಳಲ್ಲಿ ಮಚ್ಚುಗಳಿದ್ದವು ಎಂದೂ ಹೇಳುತ್ತಾರೆ. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಸಿಗದು. ಅದಕ್ಕೇ ಅನುಮಾನ. ಕಾವಲಿನವರು ಒಂದು ಪೆಟ್ಟಿಗೆಯನ್ನು ತೆರೆದು ನೋಡಿದಾಗ ಮಗುವಿನ ಶವವೇ ಇತ್ತು ಎಂಬ ಮಾತೂ ಅದೇ ಕಥೆಯಲ್ಲಿದೆ.

1901ರ ಸೆಪ್ಟೆಂಬರ್ 28, ಬೆಳಿಗ್ಗೆ ಆರೂವರೆಯ ಸುಮಾರು. ಕೆಲವು ಕಡೆ ಅದನ್ನು ಭಾನುವಾರ ಎಂದು ಬರೆದಿರುತ್ತಾರೆ. ನೀವೇ ಲೆಕ್ಕ ಹಾಕಿ: 1901ರ ಜನವರಿ 1 ಮಂಗಳವಾರ, ಸೆಪ್ಟೆಂಬರ್ 28 ವರ್ಷದ 271ನೇ ದಿನ. ಏಳರಿಂದ ಭಾಗಿಸಿದರೆ ಶನಿವಾರ ಬರುತ್ತದೆ. ಸೈನಿಕರು ಬಂದೂಕುಗಳನ್ನು ಒಳಗಿಟ್ಟು ತಿಂಡಿಗೆ ಕುಳಿತಿದ್ದರು. ಅಬನದೊರ್ ನಿಧಾನವಾಗಿ ನಡೆದು ಬಂದು, ಕಾವಲಿದ್ದ ಅಡಾಲ್ಫ್ ಗ್ಯಾಮ್ಲಿನ್ ಎಂಬ ಸೈನಿಕನ ಕೈಯಿಂದ ಬಂದೂಕನ್ನು ಕಿತ್ತು ಅದರಿಂದಲೇ ಅವನ ತಲೆಗೆ ಹೊಡೆದ. ದಾಳಿ ಎಂದು ಕೂಗಿದ. ಚರ್ಚಿನ ಗಂಟೆ ಬಾರಿಸಿತು. ಗುಡಾರಗಳಿಂದ, ಚರ್ಚಿನಿಂದ, ಬಯಲಿನಿಂದ ಮಚ್ಚು ಹಿಡಿದವರು ನುಗ್ಗಿದರು. ಕಾನೆಲ್ ಸತ್ತ. ಆ ಕಂಪನಿಯ ಅಧಿಕಾರಿಗಳಲ್ಲಿ ಒಬ್ಬನೂ ಉಳಿಯಲಿಲ್ಲ. ಅಲ್ಲಿ ಸತ್ತವರು, ಆಮೇಲೆ ಗಾಯದಿಂದ ತೀರಿಕೊಂಡವರು, ಕಾಣೆಯಾದವರು ಸೇರಿ 74ರಲ್ಲಿ 48 ಮಂದಿ ಇಲ್ಲವಾದರು. ಒಂದೂ ಗಾಯವಿಲ್ಲದೆ ಉಳಿದವರು ನಾಲ್ವರು. ಊರಿನವರಲ್ಲಿ 28 ಮಂದಿ ಸತ್ತರು. ಉಳಿದ ಸೈನಿಕರು ದೋಣಿಗಳಲ್ಲಿ ಬಾಸೆಯ್ ಪಟ್ಟಣಕ್ಕೆ ಪಾರಾದರು. ಮರುದಿನ ಇನ್ನೊಂದು ಕಂಪನಿ ಬಂದು ಬಲಾಂಗಿಗಾವನ್ನು ಸುಟ್ಟುಹಾಕಿತು. ಆ ಹೊತ್ತಿಗೆ ಊರು ಬರಿದಾಗಿತ್ತು. ಜನರೆಲ್ಲ ಬೆಟ್ಟ ಸೇರಿದ್ದರು.

ಸೇಡು ಒಂದು ಊರಿಗೆ ನಿಲ್ಲಲಿಲ್ಲ. ಸಮಾರ್‌ನ ಹೊಣೆ ಹೊತ್ತ ಜನರಲ್ ಜೇಕಬ್ ಸ್ಮಿತ್, ಮೇಜರ್ ಲಿಟ್ಲ್‌ಟನ್ ವಾಲರ್‌ಗೆ ಕೊಟ್ಟ ಬಾಯಿಮಾತಿನ ಆಜ್ಞೆ ಮುಂದೆ ನ್ಯಾಯಾಲಯದಲ್ಲಿ ಬಯಲಾಯಿತು: ಸೆರೆಯಾಳುಗಳು ಬೇಡ, ಆಯುಧ ಹಿಡಿಯಬಲ್ಲವರನ್ನೆಲ್ಲ ಕೊಲ್ಲಿ. ವಯಸ್ಸಿನ ಮಿತಿ ಎಷ್ಟು ಎಂದು ವಾಲರ್ ಕೇಳಿದಾಗ ಬಂದ ಉತ್ತರ ಹತ್ತು ವರ್ಷ. ಹೆಂಗಸರ ಮಕ್ಕಳ ಮೇಲೆ ಯುದ್ಧ ಬೇಡವೆಂದು ವಾಲರ್ ತನ್ನವರಿಗೆ ಹೇಳಿದನೆಂದು ದಾಖಲೆಯಿದೆ. ಹಾಗೆಂದು ಅವನ ಕೈ ಶುದ್ಧವಾಗಿರಲಿಲ್ಲ; ತನ್ನ ಹೊರೆಯಾಳುಗಳಾಗಿದ್ದ 11 ಮಂದಿ ಫಿಲಿಪಿನೋಗಳನ್ನು ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಲ್ಲಿಸಿದ. ಅದಕ್ಕಾಗಿ ನಡೆದ ವಿಚಾರಣೆಯಲ್ಲಿ ಅವನು ಖುಲಾಸೆಯಾದ. ಸ್ಮಿತ್‌ಗೆ ಒಂದು ಛೀಮಾರಿ, ಬಳಿಕ 1902ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವನನ್ನು ಬಲವಂತವಾಗಿ ನಿವೃತ್ತಿಗೊಳಿಸಿದರು.

ಸಮಾರ್‌ನಲ್ಲಿ ಸತ್ತವರೆಷ್ಟು? ಇಲ್ಲಿ ಎಚ್ಚರವಿರಲಿ. 50,000 ಎಂಬ ಸಂಖ್ಯೆ ಬಹಳ ಕಡೆ ಓಡಾಡುತ್ತದೆ. ಎರಡು ಸಾವಿರದ ಆಸುಪಾಸು ಎಂಬುದು ಈಚಿನ ಸಂಶೋಧಕರ ಅಂದಾಜು. ಇಷ್ಟೊಂದು ಅಂತರ ಹೇಗೆ ಬಂತು? ಒಂದು ಜನಗಣತಿಯಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನೆಲ್ಲ ಹತ್ಯೆ ಎಂದು ಹೇಳಿದರೆ ಸಂಖ್ಯೆ ದೊಡ್ಡದಾಗುತ್ತದೆ. ಆದರೆ 1902ರಲ್ಲಿ ಆ ದ್ವೀಪಗಳಲ್ಲಿ ಕಾಲರಾ ಹಬ್ಬಿತ್ತು. ಜನ ಗುಳೆ ಹೋಗಿದ್ದರು. ಹಳೆಯ ಎಣಿಕೆಗಳೇ ಒರಟು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ಸಂಗತಿ: ಅಳತೆಪಟ್ಟಿಯಲ್ಲೇ ದೋಷವಿದ್ದರೆ ವ್ಯವಕಲನ ಸರಿಯಿದ್ದೂ ಉತ್ತರ ತಪ್ಪುತ್ತದೆ. ಎರಡು ಸಾವಿರವಾದರೇನು, ಪಾತಕ ಚಿಕ್ಕದಾಗುವುದಿಲ್ಲ.

1902ರ ಫೆಬ್ರವರಿಯಲ್ಲಿ ಲುಕ್ಬಾನ್ ಸೆರೆಯಾದ, ಏಪ್ರಿಲ್ ಕೊನೆಗೆ ಉಳಿದವರು ಶರಣಾದರು. ಐದು ವರ್ಷದ ಮೇಲೆ, 1907ರಲ್ಲಿ, ಅಮೆರಿಕನ್ನರೇ ನಡೆಸಿದ ಚುನಾವಣೆಯಲ್ಲಿ ಗೆದ್ದು ಫಿಲಿಪೀನ್ಸಿನ ಮೊದಲ ಶಾಸನಸಭೆಯಲ್ಲಿ ಸಮಾರ್‌ನ ಪ್ರತಿನಿಧಿಯಾಗಿ ಕುಳಿತವರಲ್ಲಿ ಒಬ್ಬ ಯೂಜೀನಿಯೊ ದಾಜಾ! ಬಲಾಂಗಿಗಾದ ದಾಳಿಯ ಬಗ್ಗೆ ಅವನು 1935ರಲ್ಲಿ ಬರೆದಿಟ್ಟ ನೆನಪುಗಳು ನಮಗೆ ದೊರೆಯುವ ಮುಖ್ಯ ಸ್ಥಳೀಯ ಸಾಕ್ಷ್ಯ.

ಈಗಿನ ಆಡಳಿತವನ್ನೂ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. 1991ರ ಸ್ಥಳೀಯ ಸರ್ಕಾರ ಸಂಹಿತೆಯಂತೆ ಪ್ರತಿ ಪುರಸಭೆಗೂ ಜನ ನೇರವಾಗಿ ಆರಿಸುವ ಮೇಯರ್, ಉಪಮೇಯರ್, ಎಂಟು ಮಂದಿ ಸದಸ್ಯರಿರುತ್ತಾರೆ. ಅವಧಿ ಮೂರು ವರ್ಷ. ಸತತವಾಗಿ ಮೂರು ಸಲಕ್ಕಿಂತ ಹೆಚ್ಚು ಅದೇ ಹುದ್ದೆಯಲ್ಲಿ ಇರುವಂತಿಲ್ಲ. ಕಡಲಿನಲ್ಲಿ 15 ಕಿಲೋಮೀಟರ್‌ವರೆಗಿನ ಮೀನುಗಾರಿಕೆಯ ಉಸ್ತುವಾರಿ ಪುರಸಭೆಯದು. ಸಣ್ಣ ದೋಣಿಯವರಿಗೆ ಇದು ಅನ್ನದ ಪ್ರಶ್ನೆ. ಬಲಾಂಗಿಗಾದಲ್ಲಿ 13 ಬರಾಂಗೈಗಳಿವೆ, ಒಂದೊಂದಕ್ಕೂ ಒಬ್ಬ ಮುಖ್ಯಸ್ಥ. ನಿಮ್ಮ ವಯಸ್ಸಿನವರಿಗೂ ಅಲ್ಲಿ ಒಂದು ಸಭೆ ಉಂಟು: ಪ್ರತಿ ಬರಾಂಗೈನಲ್ಲಿ ಯುವಜನರ ಮಂಡಳಿ, ಅದಕ್ಕೆ 15 ವರ್ಷದಿಂದಲೇ ಮತ. 2015ರ ಕಾಯ್ದೆ ಬಂದಮೇಲೆ ಈ ಮಂಡಳಿಗೆ ಅಧಿಕಾರಸ್ಥರ ಹತ್ತಿರದ ನಂಟರು ಸ್ಪರ್ಧಿಸುವಂತಿಲ್ಲ. ದೊಡ್ಡವರ ಚುನಾವಣೆಗೆ ಮಾತ್ರ ಅಂಥ ನಿಯಮ ಸುಲಭದಲ್ಲಿ ಬರಲಿಲ್ಲ. ವಂಶಾಡಳಿತ ಕೂಡದೆಂದು 1987ರ ಸಂವಿಧಾನ ಹೇಳಿತು, ವಿವರವನ್ನು ಕಾಯ್ದೆಗೆ ಬಿಟ್ಟಿತು. ಮೂರು ದಶಕ ಕಳೆದರೂ ಕಾಯ್ದೆ ಆಗಲಿಲ್ಲ. 13 ಗಣ್ಯರು ಕೂಡಿ ಆರಿಸುತ್ತಿದ್ದ ಕಾಲ ಹೋಯಿತು, ಗಣ್ಯ ಮನೆತನಗಳ ಕಾಲ ಇನ್ನೂ ಪೂರ್ತಿ ಹೋಗಿಲ್ಲ.

ಈಗ ಗಂಟೆಗಳಿಗೆ ಬರೋಣ. ಬಲಾಂಗಿಗಾದ ಚರ್ಚಿನಿಂದ ಅಮೆರಿಕನ್ ಸೈನಿಕರು ಮೂರು ಗಂಟೆಗಳನ್ನು ಇಳಿಸಿಕೊಂಡು ಹೋದರು. ಎರಡು ದೊಡ್ಡವು 11ನೇ ಪದಾತಿ ದಳದ ಜೊತೆ ವಯೋಮಿಂಗ್ ರಾಜ್ಯದ ಸೇನಾ ಠಾಣ್ಯಕ್ಕೆ ಹೋದವು. ಅದು ಮುಂದೆ ಎಫ್. ಇ. ವಾರೆನ್ ವಾಯುನೆಲೆಯಾಯಿತು. ಚಿಕ್ಕದು 9ನೇ ದಳದ ಹತ್ತಿರವೇ ಉಳಿದು, ಕೊನೆಗೆ ದಕ್ಷಿಣ ಕೊರಿಯಾದ ಅವರ ಶಿಬಿರ ಸೇರಿತು. ದಾಳಿಗೆ ಸಂಜ್ಞೆ ಕೊಟ್ಟದ್ದು ಈ ಚಿಕ್ಕ ಗಂಟೆ ಎಂದು ವಾದಿಸುವವರಿದ್ದಾರೆ. ಹಾಗಾದರೆ ವಯೋಮಿಂಗ್‌ನಲ್ಲಿ ಒಂದು ಶತಮಾನ ಯುದ್ಧದ ನೆನಪೆಂದು ನಿಂತಿದ್ದ ಎರಡು ಗಂಟೆಗಳು ಅಂದು ಬಾಯಿಬಿಟ್ಟಿರಲೇ ಇಲ್ಲ.

ಇವು ಫ್ರಾನ್ಸಿಸ್ಕನ್ ಪಾದ್ರಿಗಳಿಗೆ ಸೇರಿದ ಗಂಟೆಗಳು, ಹಿಂದಿರುಗಿಸಿ ಎಂದು 1957ರಲ್ಲಿ ಬರೆದವರು ಜೆಸುಯಿಟ್ ಇತಿಹಾಸಕಾರ ಹೊರಾಸಿಯೊ ದೆ ಲಾ ಕೋಸ್ತಾ. ಫಲವಿಲ್ಲ. 1989ರಲ್ಲಿ ಸೆಪ್ಟೆಂಬರ್ 28ನ್ನು ಪೂರ್ವ ಸಮಾರ್ ಪ್ರಾಂತ್ಯದಲ್ಲಿ ರಜಾದಿನವನ್ನಾಗಿ ಸಾರುವ ಕಾಯ್ದೆ ಬಂತು. 1990ರ ದಶಕದಲ್ಲಿ ಅಧ್ಯಕ್ಷ ಫಿದೆಲ್ ರಾಮೋಸ್ ಒಂದು ಮಧ್ಯಮಾರ್ಗ ಸೂಚಿಸಿದರು: ಪ್ರತಿಕೃತಿ ಎರಕ ಹೊಯ್ಯೋಣ, ಇಬ್ಬರಿಗೂ ಒಂದೊಂದು ಅಸಲು, ಒಂದೊಂದು ನಕಲು. ವಯೋಮಿಂಗ್‌ನ ಮಾಜಿ ಸೈನಿಕರು ಒಪ್ಪಲಿಲ್ಲ. ಅವರಿಗದು ಸತ್ತ 48 ಮಂದಿಯ ಸ್ಮಾರಕ. ಬಲಾಂಗಿಗಾದವರಿಗೆ ಅದು ಪೂಜೆಗೆ ಕರೆಯುವ ಗಂಟೆ. ಇಬ್ಬರ ದುಃಖವೂ ನಿಜವಾಗಿದ್ದಾಗ ಮಾತುಕತೆ ಎಷ್ಟು ಕಷ್ಟ, ನೋಡಿ. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಮೊದಲು ದಡ ಹತ್ತಿದ್ದು ಪಕ್ಕದ ಗಿಯುಆನ್‌ನಲ್ಲಿ. ಬಲಾಂಗಿಗಾದ ಚರ್ಚಿಗೂ ಹಾನಿಯಾಯಿತು. ಆಗಲೂ ಗಂಟೆಗಳ ಕೋರಿಕೆ ನಿಲ್ಲಲಿಲ್ಲ.

2017ರ ಜುಲೈನಲ್ಲಿ ಅಧ್ಯಕ್ಷ ರೊದ್ರಿಗೊ ದುತೆರ್ತೆ ತಮ್ಮ ವಾರ್ಷಿಕ ಭಾಷಣದಲ್ಲಿ ಗಂಟೆಗಳನ್ನು ಬಹಿರಂಗವಾಗಿ ಕೇಳಿದರು. ಅಮೆರಿಕದ ಕಾಯ್ದೆಯಲ್ಲಿದ್ದ ತಡೆ ಸಡಿಲವಾಯಿತು. 2018ರಲ್ಲಿ ಅಲ್ಲಿನ ಮಾಜಿ ಸೈನಿಕರ ದೊಡ್ಡ ಸಂಘಟನೆಯೊಂದು ಹಿಂದಿರುಗಿಸಲು ಒಪ್ಪಿತು. ಆ ವರ್ಷದ ಡಿಸೆಂಬರ್ 11ರಂದು ಮೂರೂ ಗಂಟೆಗಳು ವಿಮಾನದಲ್ಲಿ ಮನಿಲಾಕ್ಕೆ ಬಂದವು, 15ರಂದು ಊರಿಗೆ. ಆಗ ಮೇಯರ್ ಆಗಿದ್ದವರು ರ‍್ಯಾಂಡಿ ಗ್ರಾಜಾ. ಮರುದಿನ, ಡಿಸೆಂಬರ್ 16ರಂದು, ಕ್ರಿಸ್ಮಸ್ ಹಿಂದಿನ ಒಂಬತ್ತು ದಿನಗಳ ಮುಂಜಾವಿನ ಪೂಜೆ ಶುರುವಾಗುವ ದಿನ. 117 ವರ್ಷಗಳ ಬಳಿಕ ಊರಿನವರು ಅವೇ ಗಂಟೆಗಳ ದನಿ ಕೇಳಿ ಎದ್ದರು.

ಅಷ್ಟರಲ್ಲೇ ಮನಿಲಾದಲ್ಲಿ ಸೆನೆಟರ್ ಒಬ್ಬರು ಒಂದು ಗಂಟೆಯನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಡಬೇಕೆಂದು ಸೂಚಿಸಿದರು. ಇಡೀ ದೇಶ ನೋಡಲಿ ಎಂಬ ಉದ್ದೇಶ. ಊರಿನ ಚರ್ಚು ಸೇರಿದ್ದ ಬೊರೊಂಗನ್ ಧರ್ಮಪ್ರಾಂತ್ಯ ಒಪ್ಪಲಿಲ್ಲ. ಗಂಟೆಗಳು ಪೂಜೆಯ ವಸ್ತುಗಳು, ಅವುಗಳ ಜಾಗ ಬಲಾಂಗಿಗಾದ ಚರ್ಚು ಎಂದು ಬರೆದು ತಿಳಿಸಿತು. ಊರಿನವರೂ ಬೇಡವೆಂದರು. ಸೆನೆಟರ್ ಸೂಚನೆಯನ್ನು ಕೈಬಿಟ್ಟರು, ಮೂರೂ ಗಂಟೆಗಳು ಊರಿನಲ್ಲೇ ಉಳಿದವು.